ಗುಂಡನ ಎಡಗಣ್ಣು

ಈ ಪುಟವನ್ನು ಓದುವ ಮೊದಲು ಸಾಧ್ಯವಾದರೆ ಎದ್ದುಹೋಗಿ ನಿಮ್ಮ ಮನೆಯ ಫ್ರಿಜ್ಜಿನ ಬಾಗಿಲನ್ನೊಮ್ಮೆ ತೆರೆದು ನೋಡಿ ಬನ್ನಿ. ಕೋಳಿಮೊಟ್ಟೆ, ಅರ್ಧ ಹೋಳು ನಿಂಬೆಹಣ್ಣು, ಮೊಮ್ಮಕ್ಕಳು ತಿಂದು ಉಳಿಸಿದ ಚಾಕೊಲೇಟು, ಇವುಗಳ ನಡುವೆ ಒಂದೆರಡು ಔಷಧದ ಸೀಸೆಗಳು ಬಹುಶಃ ಇದ್ದೇ ಇರುತ್ತವೆ. ಯಾವುದೋ ಕಾಯಿಲೆಗೆ ತಂದದ್ದು, ವಾಸಿಯಾದ ಮೇಲೆ ಉಳಿದದ್ದು. ದುಡ್ಡು ಕೊಟ್ಟು ತಂದ ವಸ್ತುವನ್ನು ಎಸೆಯಲು ನಮ್ಮ ಪೀಳಿಗೆಯವರಿಗೆ ಕೈ ಬರುವುದಿಲ್ಲ. ನನ್ನ ಮನೆಯಲ್ಲಿಯೂ ಅಂಥದೊಂದು ಸೀಸೆಯಿತ್ತು. ಕಿರುಬೆರಳಿನಷ್ಟು ಉದ್ದದ ಕಣ್ಣಿನ ಹನಿಯ ಸೀಸೆ. ನಮ್ಮ ನಾಯಿಯ ಎಡಗಣ್ಣನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಸಬೇಕಾದ ಸಂಗತಿ ಆರಂಭವಾದದ್ದು ಅಲ್ಲಿಂದಲೇ. ಒಂದು ನಾಯಿಯ ಕಣ್ಣಿನ ಕುರಿತು ಇಷ್ಟು ಬರೆಯಬೇಕೇ ಎಂದು ನಿಮಗೆ ಅನ್ನಿಸಿದರೆ ನಾನು ಬೇಸರಿಸುವುದಿಲ್ಲ. ಎರಡು ವರ್ಷಗಳ ಹಿಂದೆ ಬೇರೆ ಯಾರಾದರೂ ಬರೆದಿದ್ದರೆ ನಾನೂ ಹಾಗೆಯೇ ಅಂದುಕೊಂಡು ಪುಟ ತಿರುವುತ್ತಿದ್ದೆ.

ನಾನು ಸಕಲೇಶಪುರದಲ್ಲಿ ನೆಲೆಸಿರುವ ನಿವೃತ್ತ ಕನ್ನಡ ಅಧ್ಯಾಪಕ. ವ್ಯಾಕರಣ ಪಾಠ ಮಾಡುವಾಗ ನಾಯಿ ನಪುಂಸಕ ಲಿಂಗವೆಂದು ಹೇಳಿಕೊಟ್ಟವನು. ನನ್ನ ಹೆಂಡತಿ ಈ ಸೂತ್ರವನ್ನು ಒಪ್ಪುವುದಿಲ್ಲ. 2017ರಲ್ಲಿ ನಮ್ಮ ಮಗ ಬೆಂಗಳೂರಿನಿಂದ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಎರಡು ತಿಂಗಳ ಪಗ್ ಮರಿಯನ್ನು ತಂದು ಅಂಗಳದಲ್ಲಿ ಬಿಟ್ಟ ಕ್ಷಣದಿಂದ ಅವಳಿಗೆ ಅದು ‘ಅವನು’. ದುಂಡಗಿದ್ದುದರಿಂದ ಗುಂಡ ಎಂಬ ಹೆಸರನ್ನಿಟ್ಟವಳೂ ಅವಳೇ. ಈ ಲೇಖನದಲ್ಲಿ ನಾನು ಅವಳ ವ್ಯಾಕರಣವನ್ನೇ ಅನುಸರಿಸುತ್ತೇನೆ.

ಪಗ್ ಜಾತಿಯ ನಾಯಿಯನ್ನು ನೀವು ನೋಡಿರುತ್ತೀರಿ. 2003ರಲ್ಲಿ ದೂರವಾಣಿ ಕಂಪೆನಿಯೊಂದರ ಜಾಹೀರಾತಿನಲ್ಲಿ ಒಬ್ಬ ಹುಡುಗನ ಹಿಂದೆ ಹೋದಲ್ಲೆಲ್ಲ ಹೋಗುತ್ತಿದ್ದ ಪುಟ್ಟ ನಾಯಿ ಅದೇ. ಆ ಜಾಹೀರಾತಿನ ನಂತರ ನಮ್ಮ ದೇಶದ ಪಟ್ಟಣಗಳಲ್ಲಿ ಈ ಜಾತಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಚಪ್ಪಟೆ ಮೂತಿ, ಸುಕ್ಕುಗಟ್ಟಿದ ಹಣೆ, ಹೊರಕ್ಕೆ ಚಾಚಿದ ದೊಡ್ಡ ಕಣ್ಣುಗಳು. ಕಂಡವರಿಗೆ ಮುದ್ದೆನಿಸುವ ಈ ಮುಖ ನಿಸರ್ಗ ಕೊಟ್ಟದ್ದಲ್ಲ. ಮೂತಿ ಗಿಡ್ಡವಾದಷ್ಟೂ ಚೆನ್ನ ಎಂದು ಮನುಷ್ಯರು ತಲೆಮಾರುಗಳ ಕಾಲ ಆರಿಸಿ ಆರಿಸಿ ಬೆಳೆಸಿದ್ದು. ಮೂತಿ ಗಿಡ್ಡವಾದಾಗ ಕಣ್ಣಿನ ಗೂಡೂ ಆಳ ಕಳೆದುಕೊಳ್ಳುತ್ತದೆ. ಕಣ್ಣುಗುಡ್ಡೆ ಗೂಡಿನಲ್ಲಿ ಕೂರುವುದಕ್ಕಿಂತ ಹೆಚ್ಚಾಗಿ ಗೂಡಿನ ಬಾಯಲ್ಲಿ ನಿಂತಿರುತ್ತದೆ. ಕೆಲವಕ್ಕೆ ನಿದ್ದೆಯಲ್ಲಿಯೂ ರೆಪ್ಪೆಗಳು ಪೂರ್ತಿ ಮುಚ್ಚುವುದಿಲ್ಲ. ಸಾಲದ್ದಕ್ಕೆ, ಉದ್ದ ಮೂತಿಯ ನಾಯಿಗಳಿಗೆ ಹೋಲಿಸಿದರೆ ಇವುಗಳ ಕಣ್ಣಿನ ಮೇಲ್ಮೈಗೆ ಸ್ಪರ್ಶಜ್ಞಾನ ಕಡಿಮೆ. ಗಾಯವಾದರೂ ನಾಯಿ ಬೇಗ ತೋರಿಸಿಕೊಳ್ಳುವುದಿಲ್ಲ. ಇವೆಲ್ಲವನ್ನೂ ನಾನು ಆಮೇಲೆ ತಿಳಿದುಕೊಂಡೆ. ಆರು ವರ್ಷ ಅವನನ್ನು ಸಾಕಿದ್ದರೂ ಆ ಕಣ್ಣುಗಳನ್ನು ಮುದ್ದಿಗಾಗಿ ನೋಡಿದ್ದೆನೇ ಹೊರತು ಬೇರೆ ಕಾರಣಕ್ಕಾಗಿ ನೋಡಿರಲಿಲ್ಲ.

2023ರ ನವೆಂಬರಿನ ಒಂದು ಭಾನುವಾರ ಮಧ್ಯಾಹ್ನ, ಹಿತ್ತಿಲಿನ ಸೌದೆ ಕೊಟ್ಟಿಗೆಯಲ್ಲಿ ಮರಿ ಹಾಕಿದ್ದ ಬೆಕ್ಕಿನ ಹತ್ತಿರ ಗುಂಡ ಮೂಗು ಚಾಚಿಕೊಂಡು ಹೋದ. ಬೆಕ್ಕು ಒಂದೇ ಒಂದು ಸಲ ಕೈ ಬೀಸಿತು. ಅವನು ಕಿರುಚಲೂ ಇಲ್ಲ. ಹಿಂದಕ್ಕೆ ಸರಿದು ಬಂದು ನನ್ನ ಕುರ್ಚಿಯ ಕೆಳಗೆ ಮಲಗಿದ. ಸಂಜೆಯ ಹೊತ್ತಿಗೆ ಎಡಗಣ್ಣು ಕೆಂಪಗಾಗಿ ನೀರು ಸುರಿಯತೊಡಗಿತ್ತು. ಅರ್ಧ ಮುಚ್ಚಿಕೊಂಡು ಮುಂಗಾಲಿನಿಂದ ಉಜ್ಜಿಕೊಳ್ಳುತ್ತಿದ್ದ. ಪಕ್ಕದ ಮನೆಯವರು ನಂದಿಬಟ್ಟಲು ಹೂವಿನ ರಸ ಬಿಡಿ ಎಂದರು. ನಾನು ವಿದ್ಯಾವಂತನಲ್ಲವೇ, ನಕ್ಕು ಸುಮ್ಮನಾದೆ. ನನ್ನ ಬಳಿ ಅದಕ್ಕಿಂತ ಒಳ್ಳೆಯದು ಇದೆ ಎಂಬ ಭರವಸೆ ನನಗಿತ್ತು.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ನನಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿತ್ತು. ಆಗ ಕೊಟ್ಟ ಹನಿಗಳಲ್ಲಿ ಒಂದು ಸೀಸೆ ಅರ್ಧ ಉಳಿದಿತ್ತು. ತೆರೆದ ಒಂದು ತಿಂಗಳ ನಂತರ ಬಳಸಬಾರದೆಂದು ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿತ್ತು. ನನ್ನ ಕಣ್ಣಿನ ಕೆಂಪನ್ನು ಎರಡೇ ದಿನಗಳಲ್ಲಿ ಇಳಿಸಿದ ಔಷಧ ನಾಯಿಯ ಕಣ್ಣಿಗೆ ಮಾಡದೇ ಇದ್ದೀತೇ? ಭಾನುವಾರ ರಾತ್ರಿಯಿಂದ ಬುಧವಾರದವರೆಗೆ ದಿನಕ್ಕೆ ನಾಲ್ಕು ಬಾರಿ ಎರಡೆರಡು ಹನಿ ಬಿಟ್ಟೆ. ಮಂಗಳವಾರ ಕೆಂಪು ನಿಜವಾಗಿಯೂ ಇಳಿಯಿತು. ಔಷಧ ನಾಟುತ್ತಿದೆಯೆಂದು ಹಿಗ್ಗಿದೆ. ಹೆಂಡತಿ ಆ ವಾರ ತವರಿನಲ್ಲಿ ಮದುವೆಯ ಕೆಲಸದಲ್ಲಿದ್ದಳು. ದೂರವಾಣಿಯಲ್ಲಿ ಕೇಳಿದಾಗ ‘ಏನೋ ಕಸ ಬಿದ್ದಿತ್ತು, ಈಗ ಪರವಾಗಿಲ್ಲ’ ಎಂದೆ.

ಗುರುವಾರ ಬೆಳಿಗ್ಗೆ ನೋಡಿದರೆ ಕಣ್ಣಿನ ನಡುವೆ ನೆನೆಸಿಟ್ಟ ಸಬ್ಬಕ್ಕಿಯಂಥ ಒಂದು ಬೂದುಬಣ್ಣದ ಲೋಳೆ ಕೂತಿತ್ತು. ಒರೆಸಲು ಹೋದೆ. ಅದು ಕಣ್ಣಿನ ಮೇಲೆ ಬಿದ್ದದ್ದಾಗಿರಲಿಲ್ಲ, ಕಣ್ಣೇ ಹಾಗಾಗಿತ್ತು.

ಇಲ್ಲಿ ಸ್ವಲ್ಪ ವಿವರ ಹೇಳಬೇಕು, ಏಕೆಂದರೆ ನಿಮ್ಮ ಫ್ರಿಜ್ಜಿನಲ್ಲಿಯೂ ಅದೇ ಸೀಸೆ ಇರಬಹುದು. ಕಣ್ಣಿನ ಮುಂಭಾಗದ ಗಾಜಿನಂಥ ಪೊರೆಗೆ ಕಾರ್ನಿಯಾ ಎನ್ನುತ್ತಾರೆ. ನಾಯಿಯಲ್ಲಿ ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅದರಲ್ಲಿ ರಕ್ತನಾಳಗಳಿಲ್ಲ. ಮೇಲ್ಪದರದಲ್ಲಿ ಗೀರು ಬಿದ್ದರೆ ಸುತ್ತಲಿನ ಜೀವಕೋಶಗಳು ಜಾರಿ ಬಂದು ಆ ಜಾಗವನ್ನು ಮುಚ್ಚುತ್ತವೆ. ಸೋಂಕು ತಗಲದಿದ್ದರೆ ಸಣ್ಣ ಗಾಯ ಕೆಲವೇ ದಿನಗಳಲ್ಲಿ ಮಾಯುತ್ತದೆ. ಪೊರೆಯ ಶಸ್ತ್ರಚಿಕಿತ್ಸೆಯ ನಂತರ ಉರಿಯೂತ ಇಳಿಯಲೆಂದು ಕೊಡುವ ಹನಿಗಳಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಆ ಸಂದರ್ಭದಲ್ಲಿ ಅದು ಸರಿಯಾದ ಔಷಧವೇ. ಆದರೆ ಕಾರ್ನಿಯಾದಲ್ಲಿ ಹುಣ್ಣಿರುವಾಗ ಅದೇ ಹನಿ ಗಾಯ ಮಾಯುವುದನ್ನು ತಡೆಯುತ್ತದೆ, ರೋಗಾಣುಗಳ ವಿರುದ್ಧ ದೇಹದ ಕಾವಲನ್ನು ಸಡಿಲಿಸುತ್ತದೆ, ಪೊರೆಯ ನಾರುಗಳನ್ನು ಕರಗಿಸುವ ಕಿಣ್ವಗಳಿಗೆ ಬಲ ಕೊಡುತ್ತದೆ. ಕೆಂಪು ಇಳಿದದ್ದು ಗುಣದ ಲಕ್ಷಣವಾಗಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಕೂಗುತ್ತಿದ್ದ ಕಾವಲುಗಾರನ ಬಾಯಿಯನ್ನು ನಾನು ಮುಚ್ಚಿದ್ದೆ.

ನಮ್ಮೂರಿನ ಪಶು ಆಸ್ಪತ್ರೆಯ ವೈದ್ಯೆ ನನ್ನ ಹಳೆಯ ವಿದ್ಯಾರ್ಥಿನಿ. ಮುಂದಿನ ಬೆಂಚಿನಲ್ಲಿ ಕೂತು ಛಂದಸ್ಸಿನ ಗಣ ವಿಭಾಗವನ್ನು ತಪ್ಪಿಲ್ಲದೆ ಮಾಡುತ್ತಿದ್ದ ಹುಡುಗಿ. ಅವಳು ಗುಂಡನ ಕಣ್ಣಿಗೆ ಕಿತ್ತಳೆ ಬಣ್ಣದ ದ್ರವವೊಂದನ್ನು ಹಾಕಿ ತೊಳೆದು ನೀಲಿ ಬೆಳಕು ಬಿಟ್ಟಳು. ಪೊರೆ ಹರಿದ ಜಾಗದಲ್ಲೆಲ್ಲ ಆ ದ್ರವ ಹಸಿರಾಗಿ ಹೊಳೆಯಿತು. ಕಣ್ಣಿನ ಅರ್ಧಭಾಗ ಹಸಿರಾಗಿತ್ತು.

‘ಇದು ನಾಲ್ಕು ದಿನದ ಗಾಯದ ಹಾಗೆ ಕಾಣೋದಿಲ್ಲ ಸರ್. ಇಷ್ಟು ಬೇಗ ಕರಗಬಾರದು. ಏನಾದರೂ ಡ್ರಾಪ್ಸ್ ಹಾಕಿದ್ರಾ?’ ಎಂದು ಕೇಳಿದಳು.

‘ಇಲ್ಲಮ್ಮ’ ಎಂದೆ.

ಓದುಗರೇ, ಈ ಒಂದು ಮಾತನ್ನು ನಿಮ್ಮ ಮುಂದೆ ಇಡುವುದಕ್ಕಾಗಿಯೇ ನಾನು ಈ ಲೇಖನಕ್ಕೆ ಕೂತದ್ದು. ಮೂವತ್ತನಾಲ್ಕು ವರ್ಷ ತರಗತಿಯಲ್ಲಿ ನಿಂತು ಸುಳ್ಳು ಹೇಳಿದ ಮಕ್ಕಳನ್ನು ಗೋಡೆಯ ಕಡೆಗೆ ಮುಖ ಮಾಡಿ ನಿಲ್ಲಿಸಿದವನು ನಾನು. ಆ ಮಕ್ಕಳಲ್ಲಿ ಅವಳೂ ಒಬ್ಬಳಾಗಿದ್ದಿರಬಹುದು. ಅವಳ ಎದುರಿಗೆ ದಡ್ಡನಾಗಿ ಕಾಣಬಾರದೆಂಬ ಒಂದೇ ಕಾರಣಕ್ಕೆ ಆ ಮಾತು ಬಾಯಿಂದ ಬಂತು. ಯೋಚಿಸಿ ಹೇಳಿದ ಸುಳ್ಳಲ್ಲ. ಆದರೆ ಯೋಚಿಸಲು ಸಮಯ ಸಿಕ್ಕ ಮೇಲೂ ನಾನದನ್ನು ತಿದ್ದಲಿಲ್ಲ.

ಅವಳು ತನ್ನ ಕೈಲಾದುದನ್ನೆಲ್ಲ ಮಾಡಿದಳು. ಗುಂಡನ ಕುತ್ತಿಗೆಯಿಂದ ರಕ್ತ ತೆಗೆದು, ಹೆಪ್ಪುಗಟ್ಟಿದ ಮೇಲೆ ಮೇಲೆ ನಿಂತ ತಿಳಿಯಾದ ಸೀರಮ್ಮನ್ನು ಬೇರ್ಪಡಿಸಿ ಸೀಸೆಗೆ ಹಾಕಿಕೊಟ್ಟಳು. ಪೊರೆಯನ್ನು ಕರಗಿಸುವ ಕಿಣ್ವಗಳನ್ನು ತಡೆಯುವ ಅಂಶಗಳು ಪ್ರಾಣಿಯ ಸ್ವಂತ ರಕ್ತದಲ್ಲಿಯೇ ಇವೆಯಂತೆ. ಅದನ್ನೂ ಆಂಟಿಬಯಾಟಿಕ್ ಹನಿಗಳನ್ನೂ ಹಗಲು ರಾತ್ರಿ ಗಂಟೆಗೊಮ್ಮೆ ಬಿಡಬೇಕಿತ್ತು. ನೋವಿಗೆ ಬೇರೆ ಔಷಧ. ಮನುಷ್ಯರ ನೋವಿನ ಮಾತ್ರೆ ಯಾವುದನ್ನೂ ಕೊಡಬೇಡಿ, ಐಬುಪ್ರೊಫೇನ್ ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡಗಳನ್ನೂ ಕೆಡಿಸುತ್ತದೆ, ಬೆಕ್ಕಿಗಾದರೆ ಪ್ಯಾರಾಸಿಟಮಾಲ್ ಪ್ರಾಣವನ್ನೇ ತೆಗೆಯುತ್ತದೆ ಎಂದು ಎರಡೆರಡು ಸಲ ಹೇಳಿದಳು. ಐದು ರಾತ್ರಿ ಅಲಾರಂ ಇಟ್ಟುಕೊಂಡು ಎದ್ದೆ. ಪ್ರತಿಸಲ ಫ್ರಿಜ್ಜು ತೆರೆದಾಗಲೂ ಗುಂಡನ ರಕ್ತದಿಂದ ತೆಗೆದ ಸೀಸೆಯ ಪಕ್ಕದಲ್ಲಿ ನನ್ನ ಸೀಸೆ ಇರುತ್ತಿತ್ತು. ಏಕೋ ಅದನ್ನು ಎಸೆಯಲಿಲ್ಲ.

ಆರನೆಯ ದಿನ ಕಣ್ಣು ತೂತಾಯಿತು. ಒಳಗಿನ ಕಂದು ಬಣ್ಣದ ಪರದೆ ಸಾಸಿವೆ ಕಾಳಿನಷ್ಟು ಹೊರಕ್ಕೆ ಉಬ್ಬಿತ್ತು, ಅದರ ಸುತ್ತ ಕೀವು. ವೈದ್ಯೆ ಅವನ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಎಡಗಣ್ಣಿನ ಮುಂದೆ ಹತ್ತಿಯ ಉಂಡೆಯೊಂದನ್ನು ಬೀಳಿಸಿದಳು. ಅವನು ನೋಡಲಿಲ್ಲ. ಬೆಳಕು ಬಿಟ್ಟಳು. ಬಲಗಣ್ಣಿನ ಪಾಪೆಯಲ್ಲಿಯೂ ಪ್ರತಿಕ್ರಿಯೆಯಿಲ್ಲ. ‘ಈ ಕಣ್ಣಿನಲ್ಲಿ ಅವನಿಗೆ ಈಗ ಬೆಳಕಿಲ್ಲ ಸರ್, ನೋವು ಮಾತ್ರ ಇದೆ. ತೆಗೆಸಿಬಿಡೋದು ಒಳ್ಳೇದು’ ಎಂದಳು.

ನಾನು ಆಗುವುದಿಲ್ಲವೆಂದೆ.

ಕಣ್ಣು ಕೀಳುವುದೆಂದರೆ ನಮ್ಮ ಭಾಷೆಯಲ್ಲಿ ಎಂಥ ಮಾತು ಎಂಬುದನ್ನು ನೀವೇ ಯೋಚಿಸಿ. ‘ನಿನ್ನ ಕಣ್ಣು ಹಿಂಗಿಹೋಗ’ ಎಂಬುದು ನಮ್ಮ ಹಳ್ಳಿಗಳಲ್ಲಿ ಜಗಳ ಕೊನೆಯ ಹಂತಕ್ಕೆ ಬಂದಾಗ ಮಾತ್ರ ಹೊರಬೀಳುವ ಶಾಪ. ಕಣ್ಣು ಕೊಟ್ಟವರನ್ನು ನಾವು ಪೂಜಿಸುತ್ತೇವೆ. ತನ್ನ ಕಣ್ಣನ್ನು ತಾನೇ ಕಿತ್ತು ಶಿವನಿಗೆ ಅರ್ಪಿಸಿದ ಬೇಡರ ಕಣ್ಣಪ್ಪನ ಕಥೆ ಯಾರಿಗೆ ಗೊತ್ತಿಲ್ಲ? 1954ರ ಚಲನಚಿತ್ರದಲ್ಲಿ ಆ ಪಾತ್ರ ಮಾಡಿದ ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಅದನ್ನು ಕಂಡು ಎಷ್ಟೋ ಜನ ನೇತ್ರದಾನಕ್ಕೆ ಹೆಸರು ಬರೆಸಿದರು, ಅವರಲ್ಲಿ ನಾನೂ ಒಬ್ಬ. ಕೊಡುವುದು ಬೇರೆ. ಮಾತು ಬಾರದ ಪ್ರಾಣಿಯೊಂದರ ಕಣ್ಣನ್ನು ಅದರ ಒಪ್ಪಿಗೆಯಿಲ್ಲದೆ ತೆಗೆಸಿ, ರೆಪ್ಪೆ ಹೊಲಿಸಿ ಮನೆಗೆ ಕರೆತರುವುದು ಪಾಪವಲ್ಲವೇ ಎಂದು ವಾದಿಸಿದೆ. ನನ್ನ ವಾದ ಕೇಳಲು ಚೆನ್ನಾಗಿಯೇ ಇತ್ತು.

ಅದರ ಅಡಿಯಲ್ಲಿದ್ದುದನ್ನು ಈಗ ಹೇಳಬಲ್ಲೆ. ಕಣ್ಣು ಅಲ್ಲಿದ್ದರೆ, ಎಷ್ಟೇ ಕೆಟ್ಟಿದ್ದರೂ, ವಾಸಿಯಾಗಬಹುದೆಂಬ ನೆಪ ನನಗಿರುತ್ತಿತ್ತು. ಹೊಲಿದ ರೆಪ್ಪೆಯ ಮುಖವನ್ನು ದಿನವೂ ಕಂಡರೆ ನಾನು ಮಾಡಿದ್ದನ್ನು ದಿನವೂ ಕಾಣಬೇಕು. ಆ ಸತ್ತ ಕಣ್ಣಿನ ಅಗತ್ಯವಿದ್ದುದು ಗುಂಡನಿಗಲ್ಲ.

ಹೀಗೆ ಒಂಬತ್ತು ದಿನಗಳನ್ನು ಕಳೆದೆ. ನೋವಿನಲ್ಲಿರುವ ನಾಯಿ ಊಳಿಡುತ್ತದೆಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಗುಂಡ ಬಾಗಿಲಿಗೆ ಬರುವುದನ್ನು ಬಿಟ್ಟ. ಗೇಟಿನ ಸದ್ದಾದರೆ ತಲೆ ಎತ್ತಿ ಮತ್ತೆ ಇಳಿಸುತ್ತಿದ್ದ. ತಟ್ಟೆಯ ಮುಂದೆ ನಿಂತು ಮೂಸಿ ಹೊರಟುಹೋಗುತ್ತಿದ್ದ. ಎಡಗೆನ್ನೆಯನ್ನು ತಣ್ಣನೆಯ ನೆಲಕ್ಕೆ ಒತ್ತಿಕೊಂಡು, ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತಿದ್ದ. ತವರಿನಿಂದ ಬಂದ ಹೆಂಡತಿ ಇದನ್ನೆಲ್ಲ ನೋಡಿ, ‘ರೀ, ಇವನಿಗೆ ವಯಸ್ಸಾಗಿಹೋಯ್ತಲ್ಲ ಒಂದೇ ಸಲಕ್ಕೆ’ ಎಂದಳು. ಆರು ವರ್ಷದ ನಾಯಿ.

ಮನಸ್ಸು ಬದಲಾದದ್ದು ಯಾವುದೇ ಗ್ರಂಥ ಓದಿ ಅಲ್ಲ. ಹತ್ತನೆಯ ದಿನ ಆಸ್ಪತ್ರೆಯ ಜಗುಲಿಯಲ್ಲಿ ಕೂತಿದ್ದಾಗ ಕರುವಿಗೆ ಔಷಧ ಕೊಡಿಸಲು ಬಂದಿದ್ದ ರೈತರೊಬ್ಬರು ಗುಂಡನನ್ನು ನೋಡಿ, ‘ತೆಗ್ಸಿಬುಡಿ ಮೇಷ್ಟ್ರೇ’ ಎಂದರು. ಅವರ ಹಸುವಿನ ಕಣ್ಣಿನಲ್ಲಿ ಕ್ಯಾನ್ಸರ್ ಗಡ್ಡೆ ಬೆಳೆದಿತ್ತಂತೆ. ಹಸುವನ್ನು ನಿಲ್ಲಿಸಿಕೊಂಡೇ, ಕಣ್ಣಿನ ಹಿಂಭಾಗದ ನರಗಳಿಗೆ ಮರವಳಿಕೆಯ ಚುಚ್ಚುಮದ್ದು ಕೊಟ್ಟು, ಕೊಟ್ಟಿಗೆಯ ಪಕ್ಕದಲ್ಲೇ ಕಣ್ಣು ತೆಗೆದಿದ್ದರಂತೆ. ‘ಆಮೇಲೆ ಎರಡು ಕರ ಹಾಕ್ತು. ಆ ಕಡೆ ಇಂದ ಹೋಗುವಾಗ ಬಾಯಲ್ಲಿ ಸದ್ದು ಮಾಡ್ಕಂಡು ಹೋಗ್ಬೇಕು, ಅಷ್ಟೇಯ.’ ನಾನು ಹತ್ತು ದಿನಗಳಿಂದ ಪಾಪಪುಣ್ಯಗಳ ತಕ್ಕಡಿ ಹಿಡಿದುಕೊಂಡು ಕೂತಿದ್ದ ವಿಷಯಕ್ಕೆ ಅವರ ಬಳಿ ಇದ್ದುದು ಇಷ್ಟೇ ಮಾತು.

ಆ ರಾತ್ರಿ ವೈದ್ಯೆಗೆ ಫೋನ್ ಮಾಡಿ ಬೆಂಗಳೂರಿಗೆ ಹೊರಡುತ್ತೇವೆಂದೆ. ನಂತರ, ಆ ಹನಿಗಳ ವಿಷಯ ಹೇಳಿದೆ. ಅವಳು ಒಂದು ಕ್ಷಣ ಮಾತಾಡಲಿಲ್ಲ. ಪರವಾಗಿಲ್ಲ ಬಿಡಿ ಸರ್ ಎನ್ನುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ಹಾಗೆನ್ನಲಿಲ್ಲ. ಔಷಧದ ಹೆಸರನ್ನು ಸೀಸೆ ನೋಡಿ ಓದಿಸಿಕೊಂಡಳು, ಎಷ್ಟು ದಿನ, ದಿನಕ್ಕೆ ಎಷ್ಟು ಸಲ ಎಂದು ಕೇಳಿದಳು, ಬೆಂಗಳೂರಿನ ವೈದ್ಯರಿಗೆ ಕೊಡುವ ಪತ್ರದಲ್ಲಿ ಬರೆಯುತ್ತೇನೆ ಎಂದಳು. ಮೊದಲೇ ಗೊತ್ತಿದ್ದರೆ ಕಣ್ಣು ಉಳಿಯುತ್ತಿತ್ತೇ ಎಂದು ಕೇಳಿದೆ. ‘ಗೊತ್ತಿಲ್ಲ ಸರ್. ಅವತ್ತೇ ಬೆಂಗಳೂರಿಗೆ ಕಳಿಸ್ತಿದ್ದೆ’ ಎಂದಳು.

ಬೆಂಗಳೂರಿನ ಚಿಕಿತ್ಸಾಲಯದಲ್ಲಿ ನಮ್ಮ ಪಕ್ಕದಲ್ಲಿ ಒಬ್ಬ ಯುವಕ ಕಾಕರ್ ಸ್ಪಾನಿಯಲ್ ನಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದ. ಅದಕ್ಕೆ ಗ್ಲಾಕೋಮಾ. ನಾಯಿಯ ಕಣ್ಣಿನೊಳಗಿನ ಒತ್ತಡ ಸಾಮಾನ್ಯವಾಗಿ ಪಾದರಸದ 10ರಿಂದ 25 ಮಿಲಿಮೀಟರಿನೊಳಗೆ ಇರಬೇಕು. ಈ ನಾಯಿಗೆ ಔಷಧ ಹಾಕುತ್ತಿದ್ದರೂ 50 ದಾಟಿತ್ತಂತೆ. ವಂಶವಾಹಿಯಾಗಿ ಬರುವ ಗ್ಲಾಕೋಮಾ ಒಂದು ಕಣ್ಣಿನಲ್ಲಿ ನಿಲ್ಲುವುದಿಲ್ಲ, ಹೆಚ್ಚಾಗಿ ಇನ್ನೊಂದಕ್ಕೂ ಬರುತ್ತದೆ. ಮೊದಲನೆಯದನ್ನು ಹಿಂದಿನ ವರ್ಷವೇ ತೆಗೆಸಿದ್ದ. ಈಗ ದೃಷ್ಟಿ ಹೋದ ಎರಡನೆಯದನ್ನೂ ತೆಗೆಸಲು ಬಂದಿದ್ದ. ‘ಒತ್ತಡ ಏರಿದಾಗ ತಲೆನೋವಿನ ಹಾಗೆ ಇರುತ್ತಂತೆ ಅಂಕಲ್. ಮೊದಲ ಆಪರೇಷನ್ ಆದ ವಾರದಲ್ಲೇ ಚೆಂಡು ಕಚ್ಕೊಂಡು ಬಂದ. ಅಷ್ಟು ದಿನ ಸೋಮಾರಿ ಅಂದ್ಕೊಂಡಿದ್ದೆ’ ಎಂದ. ಸ್ಪಾನಿಯಲ್ ನನ್ನ ಪ್ಯಾಂಟಿನ ಅಂಚನ್ನು ಮೂಸಿ ಮೂಸಿ, ಅದರಲ್ಲಿ ಗುಂಡನನ್ನೂ ಸಕಲೇಶಪುರವನ್ನೂ ಓದಿಕೊಂಡಂತೆ ಬಾಲ ಅಲ್ಲಾಡಿಸಿತು.

ಶಸ್ತ್ರಚಿಕಿತ್ಸೆಗೆ ಮುನ್ನ ವೈದ್ಯರು ನನಗೆ ಎಲ್ಲವನ್ನೂ ತಿಳಿಯ ಹೇಳಿದರು. ಕಣ್ಣುಗುಡ್ಡೆಯೊಂದನ್ನೇ ತೆಗೆದರೆ ಸಾಲದು. ರೆಪ್ಪೆಗಳ ಅಂಚು, ಒಳಗಿನ ತೇವದ ಪೊರೆ, ನಾಯಿಗಳಿಗಿರುವ ಮೂರನೆಯ ರೆಪ್ಪೆ ಮತ್ತು ಅದರ ಗ್ರಂಥಿ, ಇವನ್ನೂ ತೆಗೆಯಬೇಕು; ಬಿಟ್ಟರೆ ಮುಚ್ಚಿದ ಗೂಡಿನೊಳಗೆ ದ್ರವ ಒಸರಿ ತೊಂದರೆಯಾಗುತ್ತದೆ. ದೃಷ್ಟಿನರವನ್ನು ಎಳೆಯದಂತೆ ಜಾಗರೂಕತೆಯಿಂದ ಕತ್ತರಿಸಬೇಕು. ಎರಡೂ ಕಣ್ಣುಗಳ ನರಗಳು ಮೆದುಳಿನ ಬುಡದಲ್ಲಿ ಒಂದೆಡೆ ಕೂಡುವುದರಿಂದ ಒಂದನ್ನು ಜಗ್ಗಿದರೆ ಉಳಿದ ಕಣ್ಣಿಗೆ ಪೆಟ್ಟಾಗಬಹುದು, ಬೆಕ್ಕುಗಳಲ್ಲಂತೂ ಈ ಭಯ ಹೆಚ್ಚು. ಕಣ್ಣಿನ ಸ್ನಾಯುಗಳನ್ನು ಎಳೆದಾಗ ಹೃದಯದ ಬಡಿತ ಇದ್ದಕ್ಕಿದ್ದಂತೆ ನಿಧಾನವಾಗುವುದೂ ಉಂಟು. 1908ರಷ್ಟು ಹಿಂದೆಯೇ ಇದನ್ನು ವೈದ್ಯರು ಗುರುತಿಸಿದ್ದರು. ಅದಕ್ಕಾಗಿ ಮದ್ದನ್ನು ಸಿದ್ಧವಾಗಿ ಇಟ್ಟುಕೊಳ್ಳುತ್ತಾರೆ. ಪಗ್ ನಾಯಿಗಳಲ್ಲಿ ಇನ್ನೊಂದು ಅಪಾಯ: ಗಂಟಲಿನ ಒಳಗೆ ಜಾಗ ಇಕ್ಕಟ್ಟು, ಮೂಗಿನ ಹೊಳ್ಳೆ ಕಿರಿದು. ಅರಿವಳಿಕೆಯಿಂದ ಏಳುವ ಹೊತ್ತಿನಲ್ಲಿ ಉಸಿರು ಕಟ್ಟಬಹುದು. ಪೂರ್ತಿ ಎಚ್ಚರವಾಗುವವರೆಗೂ ಉಸಿರಿನ ಕೊಳವೆಯನ್ನು ತೆಗೆಯುವುದಿಲ್ಲ ಎಂದರು. ಇಷ್ಟು ಕೇಳಿದ ಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಿತ್ತು. ‘ಮಾಲೀಕರು’ ಎಂದು ಅಚ್ಚಾಗಿದ್ದ ಜಾಗದಲ್ಲಿ ನನ್ನ ಹೆಸರು ಬರೆದೆ.

ಸುಮಾರು ಒಂದು ಗಂಟೆ. ಹೆಂಡತಿ ಗುಂಡನ ಪಟ್ಟಿಯನ್ನು ಕೈಯಲ್ಲಿ ಸುತ್ತಿಕೊಂಡು ಕೂತಿದ್ದಳು. ಮಗ ಹೊರಗೆ ಹೋಗಿ ಒಳಗೆ ಬರುತ್ತಿದ್ದ. ಕೊನೆಗೆ ವೈದ್ಯರು ಬಂದು, ಆಯಿತು, ಎದ್ದಿದ್ದಾನೆ ಎಂದರು. ತೆಗೆದ ಕಣ್ಣನ್ನು ನೋಡುವಿರಾ ಎಂದು ಕೇಳಿದಾಗ ಹೆಂಡತಿ ಬೇಡವೆಂದು ತಲೆಯಾಡಿಸಿದಳು. ನಾನು ಹೋಗಿ ನೋಡಿದೆ. ಒಂದು ದಪ್ಪ ನೇರಳೆಹಣ್ಣಿನಷ್ಟಿತ್ತು.

ಮನೆಗೆ ಕರೆತಂದ ಮೊದಲ ಎರಡು ದಿನ ನೋಡಲು ಕಷ್ಟವಾಯಿತು. ಆ ಭಾಗವೆಲ್ಲ ಬಾತು ನೀಲಿಗಟ್ಟಿತ್ತು, ಅದೇ ಕಡೆಯ ಮೂಗಿನಿಂದ ರಕ್ತ ಬೆರೆತ ನೀರು ಒಸರುತ್ತಿತ್ತು. ಕಣ್ಣಿನಿಂದ ಮೂಗಿಗೆ ಕಣ್ಣೀರು ಹರಿಯುವ ನಾಳವಿದೆ, ಕೆಲವು ದಿನ ಹೀಗಾಗಬಹುದೆಂದು ವೈದ್ಯರು ಮುಂಚೆಯೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಹೊಲಿಗೆ ಕೆರೆದುಕೊಳ್ಳದಂತೆ ಕೊರಳಿಗೆ ಹಾಕಿದ್ದ ಪ್ಲಾಸ್ಟಿಕ್ಕಿನ ಆಲಿಕೆ ಬಾಗಿಲು, ಕುರ್ಚಿ, ನಮ್ಮ ಮೊಣಕಾಲು, ಎಲ್ಲದಕ್ಕೂ ತಾಗುತ್ತಿತ್ತು. ಮೂರನೆಯ ದಿನ ಬೆಳಿಗ್ಗೆ ಹೆಂಡತಿ ರಾಗಿ ಮುದ್ದೆಯನ್ನು ಕೋಳಿ ಸಾರಿನಲ್ಲಿ ಕಿವುಚಿ ಇಟ್ಟಳು. ತಟ್ಟೆ ಉರುಳಿ ಅಡುಗೆಮನೆಯ ಮೂಲೆಗೆ ಹೋಗುವವರೆಗೂ ನೆಕ್ಕಿದ. ಐದನೆಯ ದಿನ ಹಾಲಿನವನ ಸೈಕಲ್ಲಿನ ಗಂಟೆ ಕೇಳಿದಾಗ, ಆಲಿಕೆಯ ಸಮೇತ, ಗೇಟಿಗೆ ಓಡಿದ. ಮೂರು ವಾರಗಳಲ್ಲಿ ಅವನು ಓಡಿದ್ದು ಅದೇ ಮೊದಲು. ಹೆಂಡತಿ ಒಳಗಿನಿಂದ ‘ನೋಡ್ರೀ, ನೋಡ್ರೀ’ ಎಂದು ಕೂಗಿದಳು. ನಾನು ನೋಡುತ್ತಲೇ ಇದ್ದೆ. ಆ ಒಂಬತ್ತು ದಿನಗಳನ್ನು ಒಂದೊಂದಾಗಿ ಎಣಿಸುತ್ತಿದ್ದೆ.

ಹನ್ನೆರಡನೆಯ ದಿನ ಹೊಲಿಗೆ ಬಿಚ್ಚಿದರು. ಕೂದಲು ಬೆಳೆದ ಮೇಲೆ ಅಲ್ಲೊಂದು ಸಣ್ಣ ಗುಳಿ, ಅಡ್ಡಕ್ಕೆ ಒಂದು ಗೆರೆ. ಕಣ್ಣು ಹೊಡೆದು ನಗುತ್ತಿರುವವನಂತೆ ಕಾಣುತ್ತಾನೆಂದು ಮೊಮ್ಮಗಳ ಅಭಿಪ್ರಾಯ. ಮೊದಮೊದಲು ಎಡಗಡೆಯ ಬಾಗಿಲಿನ ಚೌಕಟ್ಟಿಗೆ ಹಣೆ ತಾಗಿಸಿಕೊಳ್ಳುತ್ತಿದ್ದ, ಮೆಟ್ಟಿಲಿನ ಆಳ ತಿಳಿಯದೆ ಮುಂಗಾಲನ್ನು ಗಾಳಿಯಲ್ಲಿ ಆಡಿಸಿ ನೋಡುತ್ತಿದ್ದ. ತಿಂಗಳೊಳಗೆ ತಲೆಯನ್ನು ತುಸು ಎಡಕ್ಕೆ ತಿರುಗಿಸಿ ನಡೆಯುವುದನ್ನು ಕಲಿತ. ನಾವೂ ಕೆಲವನ್ನು ಕಲಿತೆವು: ನೀರಿನ ಬಟ್ಟಲನ್ನು ಇದ್ದಲ್ಲಿಂದ ಕದಲಿಸದಿರುವುದು, ಮಲಗಿರುವಾಗ ಎಡಗಡೆಯಿಂದ ಮುಟ್ಟುವ ಮೊದಲು ಹೆಸರು ಹಿಡಿದು ಕರೆಯುವುದು. ಆ ರೈತರು ಹೇಳಿದಂತೆಯೇ.

ಜನರ ವಿಷಯ ಬೇರೆ. ಬೆಳಗಿನ ನಡಿಗೆಯಲ್ಲಿ ಎದುರಾಗುತ್ತಿದ್ದ ಹಿರಿಯರೊಬ್ಬರು ಈಗ ಒಕ್ಕಣ್ಣು ಅಪಶಕುನವೆಂದು ರಸ್ತೆಯ ಆ ಬದಿಗೆ ದಾಟುತ್ತಾರೆ. ಇಷ್ಟು ಹಿಂಸೆ ಕೊಡುವ ಬದಲು ಇಂಜೆಕ್ಷನ್ ಕೊಡಿಸಿ ಮಲಗಿಸಬಹುದಿತ್ತಲ್ಲ ಎಂದ ಬಂಧುಗಳುಂಟು. ನಾಯಿಗೆ ಇಷ್ಟು ಖರ್ಚೇ ಎಂದವರೂ ಉಂಟು. ಪಿಂಚಣಿಯ ಲೆಕ್ಕದಲ್ಲಿ ಅದು ಸಣ್ಣ ಮೊತ್ತವಾಗಿರಲಿಲ್ಲವೆಂಬುದು ನಿಜ. ಹೇಗಾಯಿತು ಎಂದು ಕೇಳಿದವರಿಗೆ ಬೆಕ್ಕು ಪರಚಿತು ಎನ್ನುತ್ತಿದ್ದೆ. ಅದು ಸುಳ್ಳೇನೂ ಅಲ್ಲ. ಹೆಂಡತಿಗೂ ಗೊತ್ತಿದ್ದುದು ಅಷ್ಟೇ. ಕೊಟ್ಟಿಗೆಯ ಬೆಕ್ಕು ಮರಿಗಳೊಂದಿಗೆ ಜಾಗ ಬಿಟ್ಟುಹೋಗುವವರೆಗೆ ಅವಳು ಅದಕ್ಕೆ ಹಾಲು ಇಡಲಿಲ್ಲ.

ಹೊಲಿಗೆ ಬಿಚ್ಚಿಸಿಕೊಂಡು ಬಂದ ದಿನ ರಾತ್ರಿ ಅವಳಿಗೆ ಹೇಳಿದೆ. ಹನಿಗಳ ವಿಷಯ, ನಂತರ ವೈದ್ಯೆಗೆ ಹೇಳಿದ ಸುಳ್ಳಿನ ವಿಷಯ. ಅವಳು ತರಕಾರಿ ಹೆಚ್ಚುತ್ತಿದ್ದಳು, ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಎರಡು ದಿನ ನನ್ನೊಡನೆ ಊಟಕ್ಕೆ ಕರೆಯುವಷ್ಟು ಮಾತ್ರ ಮಾತಾಡಿದಳು. ಮೂರನೆಯ ದಿನ ಸಂಜೆ ನಾನು ಪೇಟೆಯಿಂದ ಬಂದಾಗ ಬೆಕ್ಕಿಗೆಂದು ಮೀಸಲಾಗಿದ್ದ ತೆಂಗಿನ ಚಿಪ್ಪು ಹಿತ್ತಿಲಿನಲ್ಲಿ ಹಾಲು ತುಂಬಿಕೊಂಡು ಕೂತಿತ್ತು.

ಗುಂಡನ ಬಲಗಣ್ಣನ್ನು ಈಗ ನಮ್ಮೂರಿನ ವೈದ್ಯೆ ಆರು ತಿಂಗಳಿಗೊಮ್ಮೆ ಪರೀಕ್ಷಿಸುತ್ತಾಳೆ. ರೆಪ್ಪೆಯ ಅಂಚಿಗೆ ಅಳತೆಯ ಗೆರೆಗಳಿರುವ ಕಾಗದದ ಪಟ್ಟಿಯೊಂದನ್ನು ಸಿಕ್ಕಿಸಿ, ಒಂದು ನಿಮಿಷದಲ್ಲಿ ಕಣ್ಣೀರು ಎಷ್ಟು ದೂರ ಹರಿಯುತ್ತದೆಂದು ನೋಡುತ್ತಾಳೆ. 15 ಮಿಲಿಮೀಟರಾದರೂ ಇರಬೇಕು, ಅವನದು 11. ಪಗ್ ನಾಯಿಗಳಲ್ಲಿ ಕಣ್ಣೀರು ಒಣಗುವ ಕಾಯಿಲೆ ಸಾಮಾನ್ಯ, ಒಣಗಿದ ಕಣ್ಣಿನಲ್ಲಿ ಹುಣ್ಣಾಗುವುದೂ ಸುಲಭ. ಆದ್ದರಿಂದ ದಿನವೂ ಹನಿ ಬಿಡಬೇಕು, ಮೂಗಿನ ಮೇಲಿನ ಸುಕ್ಕುಗಳನ್ನು ಒರೆಸಿ ಒಣದಾಗಿಡಬೇಕು. ಮೊದಲ ಸಲ ಚೀಟಿ ಬರೆದುಕೊಡುವಾಗ ಅವಳು ಪೆನ್ನು ಎತ್ತಿ, ‘ಬೇರೆ ಏನೂ ಹಾಕ್ತಿಲ್ಲ ತಾನೇ ಸರ್?’ ಎಂದು ಕೇಳಿದಳು. ಈಗಲೂ ಪ್ರತಿಸಲ ಕೇಳುತ್ತಾಳೆ. ನಾನು ಪ್ರತಿಸಲ ಉತ್ತರಿಸುತ್ತೇನೆ.

ಫ್ರಿಜ್ಜಿನ ಬಾಗಿಲಿನಲ್ಲಿ ಈಗ ಎರಡು ಪ್ಲಾಸ್ಟಿಕ್ ಡಬ್ಬಿಗಳಿವೆ. ಹೆಂಡತಿ ಕ್ಯಾಲೆಂಡರಿನ ಹಾಳೆ ಕತ್ತರಿಸಿ ಅಂಟಿಸಿದ್ದಾಳೆ. ಒಂದರ ಮೇಲೆ ‘ಗುಂಡ’, ಇನ್ನೊಂದರ ಮೇಲೆ ‘ಮೇಷ್ಟ್ರು’, ಎರಡರಲ್ಲಿಯೂ ಸೀಸೆ ತೆರೆದ ತಾರೀಖು. ತಿಂಗಳು ತುಂಬಿದ ದಿನ ಅವಳೇ ತೆಗೆದು ಎಸೆಯುತ್ತಾಳೆ, ಒಳಗೆ ಎಷ್ಟೇ ಉಳಿದಿರಲಿ. ಸಂಜೆ ಏಳು ಗಂಟೆಗೆ ನಾನು ಡಬ್ಬಿಯ ಮುಚ್ಚಳ ತೆಗೆದ ಸದ್ದಿಗೆ ಗುಂಡ ಎದ್ದು ಬಂದು, ಗುಳಿ ಬಿದ್ದ ಎಡಗೆನ್ನೆಯನ್ನು ನನ್ನ ಮೊಣಕಾಲಿಗೆ ಆನಿಸಿ, ಬಲಗಣ್ಣನ್ನು ಮೇಲೆತ್ತಿ ನಿಲ್ಲುತ್ತಾನೆ. ಹನಿ ಬಿಡುವ ಮೊದಲು ನಾನು ಕನ್ನಡಕ ಹಾಕಿಕೊಂಡು ಸೀಸೆಯ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಬೇಕು. ಅಡುಗೆಮನೆಯಿಂದ ‘ಹೂಂ’ ಎಂದು ಕೇಳಿಸಿದ ಮೇಲೆ ಒಂದು ಹನಿ.